ಮೊಣಕೈ ಮೇಲಿನ ನಾಲ್ಕು ಬೆರಳು

ಹೂ ಮುಡಿಸೋ ಶಾಸ್ತ್ರದ ದಿನ ಅರ್ಪಿತ ತಾನು ಮದುವೆಯಾಗಲಿರುವ ಸ್ವರೂಪನ ಮುಖವನ್ನೇ ಇನ್ನೂ ಸರಿಯಾಗಿ ನೋಡಿರಲಿಲ್ಲ. ಅಷ್ಟರಲ್ಲಿ ಅವನ ಅಕ್ಕನ ತೋಳು ಕಂಡಿತು.

ಭಾರತೀನಗರದ ಅರ್ಪಿತಳ ಮನೆಯಲ್ಲಿ, ಮಲ್ಲಿಗೆ ಮುಡಿಸಲು ಆ ಅಕ್ಕ ವೀಣ ಕೈ ಎತ್ತಿದಾಗ ಹೊದ್ದ ಸೆರಗು ಜಾರಿತು. ಮೊಣಕೈ ಮೇಲೆ ನಾಲ್ಕು ಬೆರಳಿನ ನೀಲಿ ಗುರುತು…

ಸ್ವರೂಪ್ ತಟ್ಟನೆ ಬಂದು ಸೆರಗು ಎಳೆದು ಮುಚ್ಚಿದ. ವೀಣ ಬೆಚ್ಚಿಬಿದ್ದಳು.

"ಬಚ್ಚಲಲ್ಲಿ ಜಾರ್ಬುಟ್ಲು ಕಣಮ್ಮ," ಅಂದರು ಅವರ ತಾಯಿ ಹೊಂಬಾಳಮ್ಮ, ಯಾರೂ ಕೇಳದಿದ್ದರೂ.

ಬಚ್ಚಲಿಗೆ ಬೆರಳಿರುತ್ತಾ?

ಅಂದಿನಿಂದ ಅರ್ಪಿತಳಿಗೆ ನೆಮ್ಮದಿ ಇಲ್ಲ. ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಸ್ವರೂಪ್ ದಿನಾ ಫೋನ್ ಮಾಡುತ್ತಿದ್ದ. ಮೆಲುದನಿ. ಆ ದನಿ ಅವಳಿಗೆ ಇಷ್ಟವಾಗತೊಡಗಿತ್ತು… ಅದೇ ಭಯ. ಅಕ್ಕ ಮಳವಳ್ಳಿಗೆ, ಗಂಡನ ಮನೆಗೆ ಯಾವಾಗ ಹೋಗ್ತಾರೆ ಅಂದರೆ ಮಾತು ತಿರುಗಿಸುತ್ತಿದ್ದ. ಅಕ್ಕನಿಗೆ ಫೋನ್ ಕೊಡಿ ಅಂದರೆ ಮಲಗಿದ್ದಾಳೆ ಅನ್ನುತ್ತಿದ್ದ. ಸಂಜೆ ಐದಕ್ಕೆ ಯಾರು ಮಲಗುತ್ತಾರೆ?

ಅಮ್ಮನಿಗೆ ಹೇಳಿದರೆ, ಒಳ್ಳೆ ಸಂಬಂಧಕ್ಕೆ ಹುಳಿ ಹಿಂಡಬೇಡ ಅಂತ ಬೈಸಿಕೊಂಡಳು.

ನಿಶ್ಚಿತಾರ್ಥಕ್ಕೆ ಐದೇ ದಿನ. ನೆಂಟರ ಮುಂದೆ ಬಾಯೇ ಬಿಡದ ಹುಡುಗಿ, ಅವನು ಕೆಲಸದಲ್ಲಿರುವ ಹೊತ್ತು ನೋಡಿ ಒಬ್ಬಳೇ ಅವನ ಊರು ಚಿಕ್ಕರಸಿನಕೆರೆಯ ಬಸ್ಸು ಹತ್ತಿದಳು.

ಹೊಂಬಾಳಮ್ಮ ದೇವಸ್ಥಾನಕ್ಕೆ ಹೋಗಿದ್ದರು. ವೀಣ ಹಿತ್ತಲಲ್ಲಿ ಸೊಪ್ಪು ಸೋಸುತ್ತಿದ್ದಳು.

"ಅಕ್ಕಾ… ಸ್ವರೂಪ್ ನಿಮಗೆ ಹೊಡೀತಾರಾ?"

"ಅವ್ನಾ? ಇರುವೆ ತುಳಿಯೋಕೂ ಎದರ್ತಾನೆ." ನಗಲು ಹೋದ ವೀಣ ಸೊಪ್ಪಿನ ಕಂತೆ ಕೆಳಗಿಟ್ಟಳು. "ನನ್ ಗಂಡ ಕಣಮ್ಮ."

ನಿಧಾನವಾಗಿ ಎಲ್ಲ ಹೊರಬಂತು. ಗಂಡ ಅವಳ ಫೋನ್ ಕಿತ್ತಿಟ್ಟುಕೊಂಡಿದ್ದ. ಅಂಗಡಿಗೆ ಹೋದರೂ ಯಾಕಿಷ್ಟು ಹೊತ್ತು ಅನ್ನುತ್ತಿದ್ದ. ಹೊಡೆದ ಮಾರನೇ ದಿನ ಕಾಲು ಹಿಡಿದು ಅಳುತ್ತಿದ್ದ. ಆರು ವರ್ಷ ಅವಳು ಅದನ್ನೇ ಪ್ರೀತಿ ಅಂದುಕೊಂಡಿದ್ದಳು, ತಪ್ಪು ತನ್ನದೇ ಅಂದುಕೊಂಡಿದ್ದಳು.

"ತಪ್ಪು ನಿಮ್ದಲ್ಲ ಅಕ್ಕ."

"ಈಗೀಗ ತಿಳೀತಾ ಅದೆ. ಆದ್ರೆ ನಿಶ್ಚಿತಾರ್ಥ ಆಗ್ತಿದ್ದಂಗೆ ನಮ್ಮನೆಯೋರು ನನ್ನ ಅಲ್ಲಿಗೇ ವಾಪಸ್ ಬುಡ್ತಾರಂತೆ. ಗಂಡನ್ ಬುಟ್ಟೋಳು ಮನೇಲಿದ್ರೆ ನಿಮ್ಮೋರು ಒಪ್ಪಾಕಿಲ್ವಂತೆ."

ಅಂದರೆ… ತನ್ನ ಮದುವೆಗಾಗಿ?

ಮಹಿಳಾ ಸಹಾಯವಾಣಿ 181 ಇದೆ, ಮಂಡ್ಯದಲ್ಲಿ ಏಟು ತಿಂದ ಹೆಂಗಸರ ನೆರವಿಗೆ ಸಖಿ ಕೇಂದ್ರ ಇದೆ, ಮಾಡೋದು ಬಿಡೋದು ನಿಮ್ಮಿಷ್ಟ ಅಂದು ಅರ್ಪಿತ ಫೋನ್ ಮುಂದೆ ಹಿಡಿದಳು. ವೀಣ ಸೆರಗಿಗೆ ಕೈ ಒರೆಸಿಕೊಂಡು ತಾನೇ ನಂಬರ್ ಒತ್ತಿದಳು.

ಸ್ವರೂಪ್ ಮನೆಗೆ ಬಂದಾಗ ವೀಣ ಇನ್ನೂ ಫೋನಿನಲ್ಲಿ ಮಾತಾಡುತ್ತಿದ್ದಳು. ಅರ್ಪಿತ ಯಾಕೆ ಬಂದಿದ್ದಾಳೆಂದು ಅವನಿಗೆ ಅರ್ಥವಾಯಿತು.

"ನಾನೇ ಹೊಡೆದೆ ಅನ್ಕೊಂಡ್ರಾ?" ಅರ್ಪಿತಳನ್ನು ಕೇಳಿದ.

"ಹೌದು."

"ಈಗ?"

"ಅಕ್ಕನ್ನ ಹೊಡೆಯೋನ ಕೈಗೇ ವಾಪಸ್ ಕೊಡೋಕೆ ಹೊರಟೋರು ಅನ್ಕೊಂಡಿದೀನಿ."

ಅವನು ಹೆಗಲ ಚೀಲ ಕೆಳಗಿಟ್ಟ. "ಗೊತ್ತಾದ್ರೆ ನೀವು ಬೇಡ ಅಂತೀರೇನೋ ಅಂತ ಎದರ್ಕೊಂಡೆ. ನಿಮ್ಮನ್ನ ಅಷ್ಟು ಅಚ್ಕೊಂಡ್ಬುಟ್ಟಿದ್ದೆ… ಅದಕ್ಕೆ ಅಕ್ಕನ್ನ ಬಲಿ ಕೊಡ್ತಿದ್ದೆ."

ಮಾರನೇ ದಿನ ಮಂಡ್ಯದ ಸಖಿ ಕೇಂದ್ರದಲ್ಲಿ, ವೀಣ ಒಳಗೆ ಸಮಾಲೋಚಕಿಯ ಮುಂದೆ ಕೂತಿದ್ದಳು. ತಾಯಿ ಎಷ್ಟು ಬೈದರೂ ಸ್ವರೂಪ್ ಬೆಳಿಗ್ಗೆಯೇ ಅರ್ಪಿತಳ ಅಪ್ಪನಿಗೆ ಫೋನ್ ಮಾಡಿ, ಅಕ್ಕ ಇನ್ನು ನಮ್ಮನೇಲೇ ಇರ್ತಾಳೆ ಅಂತ ಎಲ್ಲ ಹೇಳಿಬಿಟ್ಟಿದ್ದ. ಅಪ್ಪ ನಿಶ್ಚಿತಾರ್ಥ ಮುಂದೂಡಿದ್ದರು, ಮುರಿದಿರಲಿಲ್ಲ.

ಹೊರಗೆ ಬೆಂಚಿನ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಅವಳು.

"ಇನ್ನೂ ಅನುಮಾನ ಅದಾ ನನ್ ಮೇಲೆ?"

"ಸ್ವಲ್ಪ ಇದೆ."

"ಇರ್ಲಿ ಬುಡಿ. ಏನಿದ್ರೂ ಕೇಳ್ಬುಡಿ."

"ಇಷ್ಟು ದೂರದಿಂದ ಹೆಂಗೆ ಕೇಳ್ಲಿ… ಹತ್ರ ಬನ್ನಿ."