ಮಿಲಿಟರಿ ತಾತನ ಎರಡು ಬೆರಳು

“ಶತ್ರುವಿನ ಗುಂಡಿಗೆ ಎದೆಯೊಡ್ಡಿ, ತಮ್ಮ ಎಡಗೈಯ ಎರಡು ಬೆರಳುಗಳನ್ನು…”

ಅಲ್ಲಿಗೆ ಬಂದ ಕೂಡಲೇ ಬಟಾಣಿಯ ಬಾಯಿ ಕಟ್ಟಿಹೋಯಿತು. ಇದು ನಾಲ್ಕನೇ ಸಲ.

“ಏನೇ ಅದು, ಅಲ್ಲೇ ಬಂದು ಬ್ರೇಕ್ ಹಾಕ್ತೀಯ?” ಅಡುಗೆಮನೆಯಿಂದ ಅಮ್ಮ ಕೂಗಿದಳು. “ನಾಳೆ ಇಡೀ ಸ್ಕೂಲ್ ಮುಂದೆ ಓದಬೇಕು, ಗೊತ್ತು ತಾನೆ?”

“ಅಮ್ಮಾ, ಎದೆ ಒಡ್ಡಿದ್ರೆ ಬೆರಳಿಗೆ ಹೇಗೆ ಗುಂಡು ತಾಗುತ್ತೆ?”

“ಮಿಸ್ ಬರೆದುಕೊಟ್ಟಿದ್ದನ್ನ ಸುಮ್ಮನೆ ಓದು. ಅಧಿಕಪ್ರಸಂಗ ಬೇಡ.”

ಬಟಾಣಿಗೆ ಒಂದು ಒಳ್ಳೆಯ ಹೆಸರಿತ್ತು, ಹಾಜರಿ ಪುಸ್ತಕದಲ್ಲಿ. ಕ್ಲಾಸಿನಲ್ಲೇ ಕುಳ್ಳಿ, ಮುಖವೂ ದುಂಡಗೆ. ಅದಕ್ಕೇ ವ್ಯಾನಿನ ಡ್ರೈವರ್ ಮಿಲಿಟರಿ ತಾತ ಅವಳನ್ನು ಬಟಾಣಿ ಎಂದು ಕರೆದರು. ಆಮೇಲೆ ಮನೆಯಲ್ಲೂ ಅದೇ ಹೆಸರು ಅಂಟಿಕೊಂಡಿತು.

ತಾತ ಹದಿನೆಂಟು ವರ್ಷ ಸೈನ್ಯದಲ್ಲಿದ್ದವರು. ವಾಪಸ್ ಬಂದ ಮೇಲೆ ಇಪ್ಪತ್ತೆಂಟು ವರ್ಷ ಸ್ಕೂಲ್ ವ್ಯಾನ್ ಓಡಿಸಿದರು. ಊರಿನ ಅರ್ಧ ಜನ ಅದರಲ್ಲೇ ಕೂತು ದೊಡ್ಡವರಾಗಿದ್ದರು. ಬಟಾಣಿಯ ಕ್ಲಾಸ್ ಮಿಸ್ ಕೂಡ. ತಾತ ಗೇರ್ ಬದಲಿಸುವಾಗ ಎಡಗೈಯ ಉಳಿದ ಮೂರು ಬೆರಳುಗಳನ್ನು ಮಕ್ಕಳೆಲ್ಲ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. “ಗುಂಡು ಹಾರಿಸಿಕೊಂಡು ಹೋಯ್ತಂತೆ ಕಣೋ” ಎಂದು ಹಿಂದಿನ ಸೀಟಿನಲ್ಲಿ ಪಿಸುಪಿಸು ನಡೆಯುತ್ತಿತ್ತು.

ಹೋದ ತಿಂಗಳು ಜ್ವರ ಎಂದು ಮಲಗಿದ ತಾತ ಮತ್ತೆ ಏಳಲಿಲ್ಲ. ಐದನೇ ದಿನ ಬೆಳಗ್ಗೆ ಅವರ ಹೆಂಡತಿ, ಮಕ್ಕಳೆಲ್ಲರ ಅಜ್ಜಿ, ಕಾಫಿ ತಂದು ಎಬ್ಬಿಸಿದರೆ ಉಸಿರು ನಿಂತಿತ್ತು. ಅವತ್ತೂ ವ್ಯಾನು ಬಂತು, ಬೇರೆ ಡ್ರೈವರ್ ಇದ್ದರು. ಕಿಟಕಿ ಪಕ್ಕದ ಸೀಟಿಗೆ ಯಾರೂ ಜಗಳ ಆಡಲಿಲ್ಲ.

ಬಟಾಣಿಯ ಮನೆ ವ್ಯಾನಿನ ಕೊನೆಯ ಸ್ಟಾಪು. ಹೋದ ವರ್ಷ ಒಂದು ಸಂಜೆ ಎಲ್ಲರೂ ಇಳಿದ ಮೇಲೆ ಅವಳು ಕೇಳಿದ್ದಳು, “ತಾತ, ಗುಂಡು ತಾಗಿದಾಗ ತುಂಬ ನೋವಾಯ್ತಾ?”

ತಾತ ವ್ಯಾನನ್ನು ಪಕ್ಕಕ್ಕೆ ತಂದು ನಿಲ್ಲಿಸಿದರು.

“ಗುಂಡಲ್ಲ ಪುಟ್ಟಾ. ಫ್ಯಾನ್ ಬೆಲ್ಟು.”

“ಹಾಂ?”

“ನಾನು ಸೈನ್ಯದಲ್ಲಿ ಓಡಿಸ್ತಿದ್ದಿದ್ದು ನೀರಿನ ಲಾರಿ. ಗುಡ್ಡದ ಮೇಲೆ ನಮ್ಮ ಹುಡುಗರಿಗೆ ನೀರು ಮುಗಿದಿತ್ತು. ಅರ್ಧ ದಾರೀಲಿ ಬೆಲ್ಟು ಸಡಿಲ ಆಯ್ತು. ಅವಸರ ನೋಡು, ಇಂಜಿನ್ ಆಫ್ ಮಾಡದೆ ಕೈ ಹಾಕಿಬಿಟ್ಟೆ. ಪೂರ್ತಿ ನಂದೇ ತಪ್ಪು.”

“ಆಮೇಲೆ?”

“ಆಮೇಲೇನು, ಬನಿಯನ್ ಹರಿದು ಕಟ್ಟಿಕೊಂಡು ಲಾರೀನ ಗುಡ್ಡ ಹತ್ತಿಸಿದೆ. ಗೇರ್ ಹಾಕಿದಾಗೆಲ್ಲ ಕಣ್ಣಲ್ಲಿ ನೀರು. ಬೆಳಗ್ಗೆ ಮುಟ್ಟಬೇಕಾದವನು ಮಧ್ಯಾಹ್ನ ಮುಟ್ಟಿದೆ. ಬೈಸಿಕೊಳ್ಳೋಕೆ ರೆಡಿಯಾಗೇ ಇಳಿದೆ. ಅಷ್ಟೂ ಜನ ನಾಲಿಗೆ ಒಣಗಿ ಕೂತಿದ್ರು. ಆದ್ರೆ ಮೊದಲನೇ ಲೋಟ ನಂಗೇ ಕುಡಿಸಿದ್ರು.”

“ಮತ್ತೆ ಎಲ್ಲರೂ ಗುಂಡು ಅಂತಾರಲ್ಲ?”

“ಯಾರೋ ಮೊದಲ ಸಲ ಹಾಗಂದಾಗ ತಿದ್ದಬೇಕಿತ್ತು. ನಾಚಿಕೆ ಆಯ್ತು, ಸುಮ್ಮನಾದೆ. ಆಮೇಲೆ ಯಾರೂ ಕೇಳಲೇ ಇಲ್ಲ. ಅವರವರೇ ಹೇಳ್ಕೊಂಡ್ರು.”

ತಾತನ ನೆನಪಿನ ಭಾಷಣ ಕೈಗೆ ಬಂದ ಕೂಡಲೇ ಈ ಮಾತನ್ನು ಬಟಾಣಿ ಇವತ್ತು ಮಿಸ್‌ಗೆ ಹೇಳಲು ಹೋಗಿದ್ದಳು. “ಮಿಸ್, ಅದು ಗುಂಡಲ್ಲ…” ಎನ್ನುತ್ತಿದ್ದಂತೆಯೇ ಮಿಸ್ ನಕ್ಕುಬಿಟ್ಟರು. “ಊರಿಗೆಲ್ಲ ಗೊತ್ತಿರೋದು ನಿಂಗೊಬ್ಬಳಿಗೆ ಗೊತ್ತಿಲ್ವಾ? ಜೋರಾಗಿ ಓದು, ಆಯ್ತಾ?”

ಬಟಾಣಿ ಕಾಗದ ಮಡಚಿಕೊಂಡು ಅಜ್ಜಿಯ ಮನೆಗೆ ಹೊರಟಳು.

ಅಜ್ಜಿ ಬಾಗಿಲ ಬಳಿ ಕೂತು ತಾತನ ಅಂಗಿಗಳನ್ನು ಮಡಚುತ್ತಿದ್ದರು. ಬಟಾಣಿ ಮೂರನೇ ಸಾಲು ಓದಿ ತೋರಿಸಿದಳು. ಅಜ್ಜಿ ಕೇಳಿಸಿಕೊಂಡು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

“ಎದೆಯೊಡ್ಡಿದ್ರಂತಾ! ಪಟಾಕಿ ಸದ್ದಾದ್ರೆ ಕಿವಿ ಮುಚ್ಕೋತಿದ್ರು ಇವರು.” ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಂಡರು. “ನಿಂಗೆ ಏನು ಹೇಳಿದ್ರು?”

ಬಟಾಣಿ ಎಲ್ಲ ಹೇಳಿದಳು. ಬನಿಯನ್, ಗೇರ್, ಲೋಟ.

“ನಿಜ ಹೇಳಿದ್ರೆ ಎಲ್ಲರೂ ತಾತನ್ನ ನೋಡಿ ನಗ್ತಾರಾ ಅಜ್ಜಿ?”

“ನಕ್ಕರೂ ನಗಬಹುದು.” ಅಜ್ಜಿ ಒಂದು ಅಂಗಿಯ ಕಾಲರ್ ನೇವರಿಸಿದರು. “ಯಾವುದನ್ನ ಓದ್ತೀಯೋ ನೀನೇ ನೋಡು. ನಾನಂತೂ ಮುಂದಿನ ಸಾಲಲ್ಲೇ ಕೂತಿರ್ತೀನಿ.”

ಮರುದಿನ ಅಸೆಂಬ್ಲಿಯಲ್ಲಿ ಬಟಾಣಿಗಿಂತ ಮೈಕೇ ಉದ್ದ ಇತ್ತು. ಅಟೆಂಡರ್ ಬಂದು ಅದನ್ನು ಬಗ್ಗಿಸಿಕೊಟ್ಟರು. ಮೊದಲನೇ ಸಾಲು ಓದಿದಳು. ಎರಡನೆಯದೂ ಆಯಿತು. ಅಲ್ಲಿಂದ ಮುಂದೆ ಅಕ್ಷರಗಳು ಕುಣಿಯತೊಡಗಿದವು. ಕಾಗದದಿಂದ ತಲೆ ಎತ್ತಿದಳು. ಮುಂದಿನ ಸಾಲಿನ ಕುರ್ಚಿಯಲ್ಲಿ ಅಜ್ಜಿ ಕೂತಿದ್ದರು.

“ತಾತನ ಬೆರಳು ಹೋಗಿದ್ದು ಗುಂಡಿನಿಂದ ಅಲ್ಲ,” ಎಂದಳು. “ಫ್ಯಾನ್ ಬೆಲ್ಟಿನಿಂದ.”

ಏಳನೇ ಕ್ಲಾಸಿನವರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಹಿಂದಕ್ಕೆ ಹಬ್ಬಿತು. ಬಟಾಣಿಯ ಕಿವಿ ಬಿಸಿಯಾಯಿತು. ಈಗ ನಿಲ್ಲಿಸಿದರೆ ಅಷ್ಟೇ ಉಳಿಯುತ್ತದೆ, ಬರೀ ಬೆಲ್ಟು! ಅವಳು ಮೈಕಿಗೆ ಇನ್ನೂ ಹತ್ತಿರ ಬಂದು ಗಡಗಡ ಹೇಳುತ್ತ ಹೋದಳು. ಕಾದ ಇಂಜಿನ್ನು, ಹರಿದ ಬನಿಯನ್ನು, ಒಂದೊಂದು ಗೇರಿಗೂ ಬರುತ್ತಿದ್ದ ಕಣ್ಣೀರು, ಬೈಗುಳಕ್ಕೆ ಹೆದರುತ್ತ ಲಾರಿಯಿಂದ ಇಳಿದ ತಾತ. ಮೊದಲನೇ ಲೋಟದ ಮಾತು ಬರುವಷ್ಟರಲ್ಲಿ ಮೈದಾನ ಗಪ್‌ಚಿಪ್ ಆಗಿತ್ತು. ಕಿಸಕ್ಕೆಂದ ಹುಡುಗನೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ.

ಅವಳು ಇಳಿದು ಬಂದಾಗ ಮಿಸ್ ಅವಳನ್ನು ಕಂಬದ ಮರೆಗೆ ಕರೆದರು. ಬೈಯಲಿಲ್ಲ.

“ಅವರೇ ಹೇಳಿದ್ರಾ?”

“ಹೂಂ ಮಿಸ್.”

“ಆರು ವರ್ಷ ಅದೇ ವ್ಯಾನಲ್ಲಿ ಬಂದಿದೀನಿ. ನಂಗೆ ಯಾಕೆ ಹೇಳಲಿಲ್ಲ?”

“ನೀವು ಕೇಳಿದ್ರಾ ಮಿಸ್?”

ಮಿಸ್ ತಾವು ಬರೆದುಕೊಟ್ಟಿದ್ದ ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡು ಮಡಚಿದರು. “ಅಜ್ಜಿಯನ್ನ ಮನೆಗೆ ಬಿಟ್ಟು ಬಾ, ಹೋಗು” ಎಂದರು.

ಅಜ್ಜಿಯ ಮನೆಗೆ ಎರಡೇ ಬೀದಿ. ಬಟಾಣಿ ಅವರ ಚೀಲ ಹಿಡಿದುಕೊಂಡು ಪಕ್ಕದಲ್ಲಿ ನಡೆದಳು. ಅಜ್ಜಿಯನ್ನು ಅವಳು ದಿನವೂ ನೋಡುತ್ತಿದ್ದಳು. ಮಿಲಿಟರಿ ತಾತನ ಹೆಂಡತಿ. ಅದರಾಚೆ ಅವರ ಬಗ್ಗೆ ಏನು ಗೊತ್ತು ಎಂದು ಯೋಚಿಸಿದರೆ ಒಂದೂ ಹೊಳೆಯಲಿಲ್ಲ.

“ಅಜ್ಜಿ, ತಾತ ಸೈನ್ಯದಲ್ಲಿದ್ದಾಗ ನೀವು ಏನು ಮಾಡ್ತಿದ್ರಿ?”

ಅಜ್ಜಿಯ ಕಾಲು ನಿಂತಿತು. “ನಾನಾ?” ಎಂದು ಹಿಂದೆ ಬೇರೆ ಯಾರಾದರೂ ಇದ್ದಾರೇನೋ ಎನ್ನುವಂತೆ ತಿರುಗಿ ನೋಡಿದರು.

“ಹೂಂ, ನೀವೇ.”

“ನಾನು ಗುಂಡಿ ಫ್ಯಾಕ್ಟರಿಲಿದ್ದೆ ಕಣೇ. ಷರ್ಟಿನ ಗುಂಡಿ. ಅದಕ್ಕೆ ತೂತು ಹಾಕೋ ಮಿಷನ್ ನಂದು.”

“ಮಿಷನ್ನಾ! ನೀವೇ ಓಡಿಸ್ತಿದ್ರಾ?”

“ಇನ್ನೇನು ಮತ್ತೆ? ಅಷ್ಟು ದೊಡ್ಡ ಫ್ಯಾಕ್ಟರೀಲಿ ಅದನ್ನ ಓಡಿಸೋಕೆ ಬರ್ತಿದ್ದಿದ್ದು ಇಬ್ಬರಿಗೇ.” ಅಜ್ಜಿ ನೆರಳಿಗೆ ಸರಿದು ಕಾಂಪೌಂಡ್ ಗೋಡೆಗೆ ಒರಗಿದರು. “ಮೊದಲನೇ ದಿನ ಏನಾಯ್ತು ಗೊತ್ತಾ…”

ಬಟಾಣಿ ಚೀಲವನ್ನು ಕೆಳಗಿಟ್ಟು, ಅಜ್ಜಿಯ ಪಕ್ಕದಲ್ಲಿ ತಾನೂ ಗೋಡೆಗೆ ಒರಗಿ ನಿಂತಳು.