ಮೂರನೆಯ ಖೋಲಿಯ ಹಸಿ ನೆಲ

ಕಲಘಟಗಿಯಲ್ಲಿ ಕಾಕಾನ ಬಾಡಿಗೆ ಚಾಳಿನ ಮೂರನೆಯ ಖೋಲಿಯನ್ನು ಸೆಗಣಿಯಿಂದ ಸಾರಿಸುತ್ತಿದ್ದೆ. ಹೊಸಬರು ಬರುವ ಮುಂಚೆ ಅದು ನನ್ನ ಕೆಲಸ. ಎಂಬತ್ತನಾಲ್ಕರ ಬೇಸಿಗೆ, ನೆಲವೆಲ್ಲ ಬೇಗ ಆರಿತು. ತೊಟ್ಟಿಲ ಕೊಂಡಿಯ ಕೆಳಗೆ ಮೊಳದಷ್ಟು ಜಾಗ ಮಾತ್ರ ಹಸಿಯಾಗಿ, ತಣ್ಣಗೆ ಉಳಿಯಿತು. ಹಿಂದಿನ ಎರಡು ಸಲವೂ ಹೀಗೇ ಆಗಿತ್ತು. ಎರಡು ಸಲವೂ ಬಂದವರು ತಿಂಗಳೊಳಗೆ ಖೋಲಿ ಬಿಟ್ಟಿದ್ದರು.

“ಹೊಸಬರ ಮುಂದ ಏನರ ಅಂದೀ ನೋಡು,” ಎಂದರು ಕಾಕಾ. “ಈ ಸಲಾನೂ ಖಾಲಿ ಬಿದ್ದರ, ನೀನೂ ನಿಮ್ಮವ್ವಾನೂ ತಿರುಗಿ ನಿಮ್ಮೂರು ದುಮ್ಮವಾಡಕ್ಕ ಹೋಗ್ರಿ.”

ಸಂಜೆ ಅನ್ನವ್ವ ಕೂಸಿನೊಡನೆ ಬಂದಳು. ಬಣ್ಣದ ತೊಟ್ಟಿಲನ್ನು ಅದೇ ಕೊಂಡಿಗೆ ಕಟ್ಟಿ, “ಏನ್ ಬೇ, ಬಾಯಾಗ ನೀರು ಹಿಡ್ಕೊಂಡೀ ಏನ?” ಎಂದು ನಕ್ಕಳು. ಕೂಸು ಮಲಗಿದ ಮೇಲೆ ಇಬ್ಬರೂ ಅಂಗಳದ ನಳಕ್ಕೆ ಹೋದೆವು.

ತಿರುಗಿ ಬಂದಾಗ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು.

“ನಾ ಬಾಗಲಾ ಬರೇ ಮುಂದ ಮಾಡಿ ಬಂದಿದ್ನಿ. ಒಳಗ ಯಾರದಾರ?” ಅನ್ನವ್ವನ ಕೈಯಿಂದ ಕೊಡ ಜಾರಿತು.

ತೊಟ್ಟಿಲ ಹಗ್ಗ ಕಿರಿಗುಟ್ಟುತ್ತಿತ್ತು. ಹೆಣ್ಣುದನಿಯೊಂದು ಮೆಲ್ಲಗೆ ಜೋಗುಳ ಗುನುಗುತ್ತಿತ್ತು. ಬಾಗಿಲ ಕೆಳಗಿನಿಂದ ಬಂದ ಗಾಳಿ ನನ್ನ ಪಾದಕ್ಕೆ ತಣ್ಣಗೆ ತಾಗಿತು.

ನಾನು ಬಾಗಿಲಿಗೆ ಬಾಯಿ ಹಚ್ಚಿದೆ. “ಅವ್ವಾರ, ಕೂಸನ್ನ ಹೊರಗ ಕೊಡ್ರಿ.”

ಗುನುಗುವುದು ನಿಂತಿತು. ಹಗ್ಗ ಕಿರಿಗುಟ್ಟುತ್ತಲೇ ಇತ್ತು.