ಕೈಗೆ ಎಟಕುವಷ್ಟು

ಕುಸಿದುಬಿದ್ದು ಸಿಗ್ನಿಯ ಜೀವ ತೆಗೆದ ಬಾಲ್ಕನಿಯನ್ನು ಗಟ್ಟಿಯಾಗಿದೆಯೆಂದು ಬರೆದುಕೊಟ್ಟಿದ್ದ ಇಂಜಿನಿಯರ್ ಟಿಲ್ಮನ್, ನ್ಯಾಯಾಲಯದಿಂದ ನಗುತ್ತಲೇ ಹೊರಗೆ ಬಂದ. ಅವನನ್ನು ಉಳಿಸಿದ್ದು ಕರಾರಿನ ಒಂದೇ ಸಾಲು: ಮೇಲ್ನೋಟಕ್ಕೆ ಕಂಡದ್ದಕ್ಕೆ ಮಾತ್ರ ತಾನು ಹೊಣೆ, ಮರದೊಳಗಿನ ಕೊಳೆತಕ್ಕಲ್ಲ. ಕೊನೆಯ ಬೆಂಚಿನಲ್ಲಿ ಕೂತಿದ್ದ ಅವಳ ಅಣ್ಣ ಆರ್ವಿಡ್ ಆ ಸಾಲನ್ನು ಬಾಯಿಪಾಠ ಮಾಡಿಕೊಂಡ.

ಆರ್ವಿಡ್‌ನದು ಮನೆ ಕೊಳ್ಳುವವರ ಪರವಾಗಿ ಮನೆಯನ್ನು ಪರೀಕ್ಷಿಸಿ ವರದಿ ಕೊಡುವ ಕೆಲಸ. ಆರು ವರ್ಷಗಳ ಮೇಲೆ ಸರೋವರದ ದಡದ ಊರಾದ ಡುಲುತ್‌ನ ಗುಡ್ಡದ ಮೇಲೆ ಹಳೆಯ ಮನೆಯೊಂದನ್ನು ಕೊಳ್ಳಹೊರಟ ಟಿಲ್ಮನ್ ಅವನನ್ನೇ ಕರೆಸಿದ. ಟಿಲ್ಮನ್‌ಗೆ ಅವನ ಗುರುತು ಹತ್ತಲಿಲ್ಲ.

“ಚೆನ್ನಾಗಿ ನೋಡಪ್ಪ. ಒಂಟಿ ಮುದುಕ ನಾನು, ಚಾವಣಿ ತಲೆ ಮೇಲೆ ಬಿದ್ರೆ ಎತ್ತೋರೂ ಇಲ್ಲ.”

“ಕಣ್ಣಿಗೆ ಕಾಣೋದು, ಕೈಗೆ ಎಟಕೋದು ಎಲ್ಲಾ ನೋಡ್ತೀನಿ ಸರ್. ನಾಲ್ಕನೇ ಷರತ್ತು ಓದ್ಕೊಂಡ್ರಾ?”

“ಇಂಥ ಷರತ್ತು ಬರ್ದೇ ಬದುಕಿದೋನು ನಾನು. ನಂಗೇ ಪಾಠನಾ?” ಟಿಲ್ಮನ್ ರುಜು ಹಾಕಿ, ತನ್ನ ಥರ್ಮಾಸಿನ ಕಾಫಿಯನ್ನು ಅವನಿಗೆ ಬಗ್ಗಿಸಿಕೊಟ್ಟು ಹೊರಟುಹೋದ.

ಮನೆಯವರ ಸಾಮಾನು ಅಡ್ಡವಿದ್ದರೆ ಪರೀಕ್ಷಕ ಅದನ್ನು ಸರಿಸುವಂತಿಲ್ಲ. ಅದರ ಹಿಂದೆ ಇರುವುದಕ್ಕೆ ಅವನು ಹೊಣೆಯೂ ಅಲ್ಲ. ಅದು ನಾಲ್ಕನೆಯ ಷರತ್ತು.

ಆರ್ವಿಡ್ ಎಂದಿನಂತೆ ನೆಲಮಾಳಿಗೆಯಿಂದ ಶುರುಮಾಡಿದ. ಚೀಲದಲ್ಲಿ ಟಾರ್ಚು, ಪುಟ್ಟ ಕನ್ನಡಿ, ಸಿಗ್ನಿ ಕತ್ತರಿಸಿ ತೂತು ಹಾಕಿಕೊಟ್ಟಿದ್ದ ಕಿತ್ತಳೆ ಬಣ್ಣದ ಚೀಟಿಗಳ ಕಟ್ಟು. ದಿನನಿತ್ಯದ ಸಣ್ಣಪುಟ್ಟ ಕೆಲಸ ಮುಗಿಸಿ, ಮನೆ ಬಿಸಿಮಾಡುವ ಗ್ಯಾಸ್ ಫರ್ನೇಸಿನ ಮೇಲೆ ಟಾರ್ಚು ಹಾಯಿಸಿದವನು ಅಲ್ಲೇ ನಿಂತ. ಹೊಗೆ ಕೊಳವೆ ಕೀಲು ಬಿಟ್ಟಿತ್ತು. ಚಳಿ ಬಿದ್ದು ಫರ್ನೇಸ್ ಉರಿಯತೊಡಗಿದರೆ ವಾಸನೆಯಿಲ್ಲದ ವಿಷಗಾಳಿ ಮನೆ ತುಂಬುತ್ತದೆ.

ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಮನೆ ಮಾರುತ್ತಿದ್ದಾಕೆ ಬಿಟ್ಟುಹೋಗಿದ್ದ ಕ್ರಿಸ್‌ಮಸ್ ಅಲಂಕಾರದ ಪೆಟ್ಟಿಗೆಗಳು ಗೋಡೆಗೆ ಒರಗಿದ್ದವು. ಅವನ್ನು ಫರ್ನೇಸಿನ ಮುಂದೆ ಎದೆಯೆತ್ತರಕ್ಕೆ ಪೇರಿಸಿ, ಫೋಟೋ ತೆಗೆದು, ಬರೆದ: ‘ಸಾಮಾನು ಅಡ್ಡ. ಹತ್ತಿರ ಹೋಗಲಾಗಲಿಲ್ಲ. ಪರೀಕ್ಷಿಸಿಲ್ಲ.’ ಅಕ್ಷರ ಸೊಟ್ಟಗಾಯಿತು. ಹರಿದು ಮತ್ತೆ ಬರೆದ.

ಆಮೇಲೆ ಭಯ ಬೆನ್ನು ಬಿಡಲಿಲ್ಲ. ಬೆಳಿಗ್ಗೆ ಎದ್ದರೆ ಕಿಟಕಿಯ ಗಾಜಿನ ಮೇಲೆ ಹಿಮ ಕಟ್ಟಿದೆಯೇ ಎಂದು ನೋಡುವುದು. ಆಂಬುಲೆನ್ಸಿನ ಸದ್ದಿಗೆ ತಟ್ಟೆ ಬಿಟ್ಟು ಬಾಗಿಲಿಗೆ ಓಡುವುದು. ಎರಡು ಸಲ ಟಿಲ್ಮನ್‌ಗೆ ಫೋನು ಮಾಡಿದ, ಅತ್ತ “ಹಲೋ, ಯಾರಪ್ಪಾ?” ಎಂದೊಡನೆ ಇಟ್ಟುಬಿಟ್ಟ. ಆ ಕಾಫಿಯ ರುಚಿ ಯಾಕೋ ನಾಲಿಗೆಯಿಂದ ಹೋಗುತ್ತಿರಲಿಲ್ಲ.

ನವೆಂಬರಿನ ಒಂದು ವಾರ ಸರೋವರದ ಅಂಚು ಹೆಪ್ಪುಗಟ್ಟಿತು. ಅದಾದ ಮೂರನೆಯ ದಿನ ಅಗ್ನಿಶಾಮಕ ಇಲಾಖೆಯ ತನಿಖಾಧಿಕಾರಿಯೊಬ್ಬಳು ಬಾಗಿಲು ತಟ್ಟಿ, ಟಿಲ್ಮನ್ ಮನೆಯಲ್ಲಿ ವಿಷಗಾಳಿ ತುಂಬಿತ್ತೆಂದಳು.

“ಹೇಗಿದಾರೆ ಮೇಡಂ ಅವ್ರು?”

“ಬದುಕ್ಕೊಂಡ್ರು. ಪಕ್ಕದ ಮನೆಯಾಕೆ ಸೂಪ್ ತಗೊಂಡು ಹೋಗ್ದೇ ಇದ್ದಿದ್ರೆ ಕತೆ ಮುಗೀತಿತ್ತು. ನೀವು ಫರ್ನೇಸ್ ಹತ್ರ ಹೋಗ್ಲೇ ಇಲ್ವಾ?”

“ಹೇಗೆ ಹೋಗ್ಲಿ? ಮೊದಲಿಂದ್ಲೂ ಪೆಟ್ಟಿಗೆ ಅಡ್ಡ ಇತ್ತು. ಫೋಟೋ ಇದೆ. ನಾಲ್ಕನೇ ಷರತ್ತು...”

“ಓದಿದೀನಿ. ಪೆಟ್ಟಿಗೆ ಹಾಗೇ ಇದ್ವು, ಟಿಲ್ಮನ್ ಮುಟ್ಟೇ ಇಲ್ಲ. ನಾವೇ ಎತ್ತಿಟ್ವಿ.”

ಆರ್ವಿಡ್‌ಗೆ ವಾರಗಳ ಮೇಲೆ ಪೂರ್ತಿ ಉಸಿರು ಬಂತು. ಎದ್ದು ಅವಳಿಗೂ ಒಂದು ಲೋಟ ಕಾಫಿ ಬಗ್ಗಿಸಿದ.

ಅವಳು ಲೋಟದ ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲವೊಂದನ್ನು ಇಟ್ಟಳು. ಒಳಗೊಂದು ಕಿತ್ತಳೆ ಚೀಟಿ. ಅದರ ಮೇಲೆ ಪರೀಕ್ಷೆಯ ದಿನದ ತಾರೀಖು, ಅವನದೇ ಕೈಬರಹ: ‘ಆಪತ್ತಿನಲ್ಲಿ ಗ್ಯಾಸನ್ನು ಇಲ್ಲಿ ನಿಲ್ಲಿಸಿ.’ ಹೊಸದಾಗಿ ಬರೋರು ಗಾಬರೀಲಿ ಎಲ್ಲಿ ಹುಡುಕ್ತಾರೆ ಅಣ್ಣ, ಪಾಪ, ಎಂದು ಸಿಗ್ನಿ ಕಲಿಸಿದ್ದ ಅಭ್ಯಾಸ. ಇಪ್ಪತ್ತು ವರ್ಷಗಳಲ್ಲಿ ಯಾವ ಮನೆಯಲ್ಲೂ ಅವನ ಕೈ ಅದನ್ನು ಮರೆತಿರಲಿಲ್ಲ. “ಫರ್ನೇಸ್ ಪಕ್ಕದ ಗ್ಯಾಸ್ ಕೊಳವೆಗೆ ಕಟ್ಟಿತ್ತು, ಪೆಟ್ಟಿಗೆಗಳ ಹಿಂದೆ,” ಎಂದಳು ಅವಳು ಮೆಲ್ಲಗೆ. “ಗಂಟು ಚೆನ್ನಾಗಿ ಹಾಕ್ತೀರಿ.”